ಏಳು ವರ್ಷದಿಂದ ಎಲ್‌ಕೆಜಿ ಟೀಚರ್: ಮುಂದೆ ದಾರಿ ಇದೆಯಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ತವರು ಗಂಗಾವತಿ, ಕೊಟ್ಟಿದ್ದು ಸಿಂಧನೂರು ತಾಲ್ಲೂಕಿನ ಹಳ್ಳಿಗೆ. ನನಗೆ ಈಗ 33 ವರ್ಷ. ಪಿಯುಸಿ ಆದಮೇಲೆ ಮದುವೆ ಆಯಿತು. ಆಮೇಲೆ ಮನೆಯಲ್ಲೇ ಓದಿ ಬಿ.ಎ. ಮುಗಿಸಿದೆ, ಸಮಾಜಶಾಸ್ತ್ರ ಇತ್ತು. ಏಳು ವರ್ಷದಿಂದ ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಟೀಚರ್. ಸಂಬಳ 7,500 ರೂಪಾಯಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನಮ್ಮೂರ ಅಂಗನವಾಡಿ ಟೀಚರ್ ಮುಂದಿನ ವರ್ಷ ರಿಟೈರ್ ಆಗುತ್ತಾರೆ. ‘ಗೌರ್ಮೆಂಟ್ ನೌಕರಿ, ಬಿಡಬ್ಯಾಡ’ ಎಂದು ಅತ್ತೆ ಹೇಳುತ್ತಾರೆ. ಜೊತೆಯ ಟೀಚರ್ ಬಿ.ಇಡಿ ಮಾಡು ಅನ್ನುತ್ತಾರೆ. ಇಲ್ಲೇ ಒಂದು ಇನ್‌ಸ್ಟಿಟ್ಯೂಟ್‌ನವರು, ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಶುರುವಾಗುತ್ತಿದೆ, ಒಂದು ವರ್ಷದ ಎನ್‌ಟಿಟಿ (ನರ್ಸರಿ ಟೀಚರ್ ಟ್ರೇನಿಂಗ್) ಮಾಡಿದರೆ ಕೆಲಸ ಗ್ಯಾರಂಟಿ ಅಂದರು. ಫೀಸು 35,000. ಅದರಲ್ಲಿ 5,000 ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ. ನನ್ನ ತಮ್ಮ ಮಾತ್ರ ನಗುತ್ತಾನೆ: ‘ಹುಡುಗರನ್ನ ಆಡಿಸೋ ಕೆಲಸದಾಗ ಪ್ರಮೋಷನ್ ಎಲ್ಲಿಂದ ಬರ್ತದಕ್ಕಾ?’ ನಿಜ ಹೇಳಿ ಮೇಡಂ, ಈ ಲೈನ್‌ನಲ್ಲಿ ಮುಂದೆ ಬರೋಕೆ ಆಗುತ್ತಾ, ಇಲ್ಲ ಈಗಲೇ ಬಿಟ್ಟು ಬೇರೆ ನೋಡಲಾ?

ಉತ್ತರ: ಟೀಚರ್, ಮೊದಲು ಒಂದು ಮಾತು. ಇನ್‌ಸ್ಟಿಟ್ಯೂಟ್‌ಗೆ ಉಳಿದ 30,000 ಕಟ್ಟಬೇಡಿ. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ. ಅವರು ‘ಈ ವಾರ ಲಾಸ್ಟ್ ಡೇಟ್’ ಅಂತ ಫೋನ್ ಮಾಡುತ್ತಲೇ ಇರುತ್ತಾರೆ, ಅದಕ್ಕೇ ಇದನ್ನು ಮೇಲೆ ಬರೆದೆ.

ನೀವು ಕೇಳಿರುವುದು ದಾರಿ ಇದೆಯಾ ಅಂತ. ಇದೆ. ಆದರೆ ಮೂರು ಜನ ಮೂರು ದಾರಿ ತೋರಿಸಿದ್ದಾರೆ, ಯಾವ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯಾರೂ ಹೇಳಿಲ್ಲ. ನಾನು ರಾಯಚೂರು, ಕೊಪ್ಪಳ ಎರಡೂ ಕಡೆ ಅಂಗನವಾಡಿ ವಲಯಗಳನ್ನು ನೋಡಿಕೊಂಡವಳು, ಆಮೇಲೆ ಟೀಚರ್‌ಗಳಿಗೆ ತರಬೇತಿ ಕೊಟ್ಟವಳು. ನಿಮ್ಮಂಥ ಪ್ರಶ್ನೆ ಹೊತ್ತು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಸೋತಿದ್ದು ಓದು ಸಾಲದೆ ಅಲ್ಲ. ಬೇಡದ ಕೋರ್ಸಿಗೆ ದುಡ್ಡು ಸುರಿದು, ಬೇಕಾದ ಕಾಗದ ಮಾಡಿಸಿಕೊಳ್ಳದೆ, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿಸಿಕೊಂಡು ಸೋತರು.

ಇನ್ನು ನಿಮ್ಮ ತಮ್ಮ. ಅವರ ಮಾತಿಗೆ ಸಿಟ್ಟಾಗಬೇಡಿ. ಊರಿಗೆ ಊರೇ ಹಾಗೆ ಅಂದುಕೊಂಡಿದೆ, ಸರ್ಕಾರವೂ ತುಂಬಾ ದಿನ ಹಾಗೇ ನಡೆದುಕೊಂಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕವರ ಬಗ್ಗೆ ಅದರಲ್ಲಿರುವುದು, ಸರ್ಕಾರ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ‘ಮಾಡಬಹುದು’ ಅಂತ. ಮಾಡಲೇಬೇಕು ಅಂತಿಲ್ಲ. ಒಂದನೇ ತರಗತಿ ಟೀಚರ್‌ಗೆ ಯಾವ ಓದು ಬೇಕು, ಒಬ್ಬರಿಗೆ ಎಷ್ಟು ಮಕ್ಕಳು ಅನ್ನೋದಕ್ಕೆಲ್ಲ ಕಾನೂನಿನ ಬಿಗಿ ಇದೆ. ಎಲ್‌ಕೆಜಿಗೆ ಆ ಬಿಗಿ ಇಲ್ಲ. ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ, ಅಂದರೆ ಎನ್‌ಸಿಟಿಇ, ಪೂರ್ವ ಪ್ರಾಥಮಿಕ ಟೀಚರ್‌ಗೂ ಇಂಥ ಓದು ಬೇಕು ಅಂತ ಬರೆದಿಟ್ಟಿದೆ ನಿಜ. ಖಾಸಗಿ ಶಾಲೆಯಲ್ಲಿ ಅದನ್ನು ಹೋಗಿ ನೋಡುವವರು ಯಾರು? ಹೀಗಾಗಿ ಪಿಯುಸಿ ಆದ ಹುಡುಗಿ 5,000ಕ್ಕೆ ಬರುತ್ತೇನೆ ಅಂದರೆ, ಏಳು ವರ್ಷ ಅನುಭವ ಇರುವ ನಿಮಗೆ 10,000 ಕೊಡಲು ಆಡಳಿತ ಮಂಡಳಿಗೆ ಮನಸ್ಸು ಬರುವುದಿಲ್ಲ. ಇದರಲ್ಲಿ ನಿಮ್ಮ ಕೊರತೆ ಏನೂ ಇಲ್ಲ.

ಈಗ ಗಾಳಿ ಸ್ವಲ್ಪ ತಿರುಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದನ್ನು ಒಂದೇ ಹಂತ ಎಂದಿತು. 2022ರ ಅಕ್ಟೋಬರ್‌ನಲ್ಲಿ ಆ ಹಂತಕ್ಕೇ ಪ್ರತ್ಯೇಕ ಪಠ್ಯಕ್ರಮ ಚೌಕಟ್ಟು ಬಂತು. ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು ಅನ್ನೋ ನಿಯಮ ನಮ್ಮ ರಾಜ್ಯದಲ್ಲೂ ಬಂದಮೇಲೆ ತಾಯಂದಿರು ಮೂರನೇ ವರ್ಷಕ್ಕೇ ಮಗುವನ್ನು ಎಲ್ಲಿ ಬಿಡಲಿ ಅಂತ ಹುಡುಕುತ್ತಿದ್ದಾರೆ. ಕೆಲಸಕ್ಕೆ ಜನ ಬೇಕು. ಅದಕ್ಕೆ ತಕ್ಕ ಸಂಬಳ ಇನ್ನೂ ಬಂದಿಲ್ಲ. ಎನ್‌ಟಿಟಿ ಮಾರುವವರು ಮೊದಲನೇ ಮಾತನ್ನು ಮಾತ್ರ ಜೋರಾಗಿ ಹೇಳುತ್ತಾರೆ.

ಎನ್‌ಟಿಟಿ ಗ್ಯಾರಂಟಿ ಮತ್ತು ಬಿ.ಇಡಿ

ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ಶುರುವಾಗಿರುವುದು ಸುಳ್ಳಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮೊದಲೇ ಇತ್ತು. ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ, ಅಕ್ಷರ ಆವಿಷ್ಕಾರ ಅನ್ನೋ ಹೆಸರಲ್ಲಿ, 2024ರಿಂದ ಇನ್ನಷ್ಟು ಶಾಲೆಗಳಿಗೆ ಬಂತು. ನಮ್ಮ ಮಕ್ಕಳನ್ನು ಅಲ್ಲಿಗೆ ಎಳೆದುಕೊಂಡರೆ ನಮ್ಮ ಕೇಂದ್ರಗಳ ಗತಿ ಏನು ಅಂತ ಅಂಗನವಾಡಿಯವರು ಆ ವರ್ಷವೇ ಬೀದಿಗಿಳಿದಿದ್ದು ನಿಮಗೂ ನೆನಪಿರಬೇಕು.

ಆದರೆ ಆ ಎಲ್‌ಕೆಜಿ ಟೀಚರ್‌ಗಳನ್ನು ತೆಗೆದುಕೊಳ್ಳುವುದು ಗೌರವಧನದ ಮೇಲೆ, ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಮೂಲಕ. ಕಾಯಂ ಹುದ್ದೆ ಅಲ್ಲ. ವೇತನ ಶ್ರೇಣಿ ಇಲ್ಲ. ಮುಂದಿನ ಜೂನ್‌ಗೆ ಅದೇ ಜಾಗ ಇರುತ್ತದೆ ಅಂತ ಯಾರೂ ಬರೆದುಕೊಡುವುದಿಲ್ಲ. ಹಾಗಿರುವಾಗ ಹೊರಗಿನ ಇನ್‌ಸ್ಟಿಟ್ಯೂಟ್ ‘ಗ್ಯಾರಂಟಿ’ ಕೊಡುವುದಾದರೂ ಯಾವ ಲೆಕ್ಕದಲ್ಲಿ?

ಆ ಕಾಗದದ ಬೆಲೆ ಏನು ಅನ್ನೋದು ಇನ್ನೊಂದು ವಿಚಾರ. ಶಾಲಾಪೂರ್ವ ಶಿಕ್ಷಣಕ್ಕೆ ಎನ್‌ಸಿಟಿಇ ಒಪ್ಪಿದ ಕೋರ್ಸು ಡಿಪಿಎಸ್‌ಇ. ಅದು ಎರಡು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಕನಿಷ್ಠ ಶೇ 50 ಅಂಕ ಬೇಕು, ಕೆಲವು ವರ್ಗಗಳಿಗೆ ವಿನಾಯಿತಿ ಇದೆ. ದಿನಾ ಕಾಲೇಜಿಗೆ ಹೋಗಬೇಕು, ಶಾಲೆಯಲ್ಲಿ ಮಕ್ಕಳ ಜೊತೆ ಅಭ್ಯಾಸ ಮಾಡಬೇಕು. ಭಾನುವಾರ ಮಾತ್ರ ಕ್ಲಾಸು, ಒಂದೇ ವರ್ಷ, ಪರೀಕ್ಷೆಯೂ ಅವರೇ, ಸರ್ಟಿಫಿಕೇಟೂ ಅವರದೇ ಅಂದರೆ ಅದು ಡಿಪಿಎಸ್‌ಇ ಆಗಲು ಸಾಧ್ಯವಿಲ್ಲ. ಇಂಥ ಕಡೆ ಕೇಳಬೇಕಾದ್ದು ಒಂದೇ: ‘ನಿಮ್ಮ ಎನ್‌ಸಿಟಿಇ ಮಾನ್ಯತೆ ಆದೇಶದ ಪ್ರತಿ ಕೊಡಿ.’ ಸೊಸೈಟಿ ನೋಂದಣಿ ಪತ್ರ, ಐಎಸ್‌ಒ ಸರ್ಟಿಫಿಕೇಟು, ಟ್ರಸ್ಟ್ ಡೀಡು ತಂದು ತೋರಿಸುತ್ತಾರೆ. ಅವು ಯಾವುವೂ ಕೋರ್ಸಿನ ಮಾನ್ಯತೆ ಅಲ್ಲ. ಎನ್‌ಸಿಟಿಇ ವೆಬ್‌ಸೈಟ್‌ನಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಇರುತ್ತದೆ, ಅಲ್ಲಿ ಹೆಸರು ಹುಡುಕಿ.

ಮಾನ್ಯತೆ ಇಲ್ಲದ ಎಲ್ಲ ಕೋರ್ಸೂ ಮೋಸ ಅಂತ ನಾನು ಹೇಳುವುದಿಲ್ಲ. ಕೆಲವು ಕಡೆ ಒಳ್ಳೆಯ ಟೀಚರ್‌ಗಳಿದ್ದಾರೆ, ಹಾಡು, ಕಥೆ, ಆಟಿಕೆ ಮಾಡುವುದು ಚೆನ್ನಾಗಿ ಕಲಿಸುತ್ತಾರೆ. ಮಾಂಟೆಸ್ಸರಿ ತರಬೇತಿಯೂ ಹೀಗೇ. ಸರಿಯಾದ ಕಡೆ ಕಲಿತರೆ ಬೆಂಗಳೂರಿನ ಶಾಲೆಗಳಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ. ಆದರೆ ಮಾಂಟೆಸ್ಸರಿ ಎಂದು ಬೋರ್ಡ್ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ ಅನ್ನೋದು ನೆನಪಿರಲಿ. ಏಳು ವರ್ಷ ಪಾಠ ಮಾಡಿದ ನೀವು ಹಾಡು ಕಲಿಯಲು 35,000 ಕೊಡಬೇಕಾ ಅನ್ನೋದು ನನ್ನ ಪ್ರಶ್ನೆ.

ಕೆಲಸ ಬಿಡದೆ ಓದಬೇಕು ಅಂತಿದ್ದರೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಡಿಇಸಿಇ, ಅಂದರೆ ಶಿಶು ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ ಇದೆ. ಪಿಯುಸಿ ಆಗಿದ್ದರೆ ಸಾಕು, ದೂರಶಿಕ್ಷಣ, ಕನಿಷ್ಠ ಒಂದು ವರ್ಷ. ಮಗುವಿನ ಬೆಳವಣಿಗೆ, ಪೋಷಣೆ, ಕೇಂದ್ರ ನಡೆಸುವುದು ಎಲ್ಲ ಅದರಲ್ಲಿ ಬರುತ್ತದೆ. ಸೇರುವ ಮೊದಲು ಪಾಠದ ಪುಸ್ತಕ ಯಾವ ಭಾಷೆಯಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳಿ. ಇದು ಡಿಪಿಎಸ್‌ಇಗೆ ಸಮ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವವಿದ್ಯಾಲಯದ ಡಿಪ್ಲೊಮಾ ಅನ್ನೋ ತೂಕ ಮಾತ್ರ ಅದಕ್ಕಿದೆ.

ಬಿ.ಇಡಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, 1ರಿಂದ 5ನೇ ತರಗತಿಯ ಶಿಕ್ಷಕರಾಗಲು ಬಿ.ಇಡಿ ನಡೆಯುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅಲ್ಲಿಗೆ ಬೇಕಾದ್ದು ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ ಡಿ.ಇಎಲ್.ಇಡಿ ಮತ್ತು ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ. ಬಿ.ಇಡಿ ಮಾಡಿದರೆ ನೀವು ಹೋಗುವುದು ದೊಡ್ಡ ತರಗತಿಗಳ ಕಡೆಗೆ. ಸಮಾಜ ವಿಜ್ಞಾನ ಪಾಠ ಮಾಡುವ ಆಸೆ ಇದ್ದರೆ ಖಂಡಿತ ಮಾಡಿ. ಚಿಕ್ಕ ಮಕ್ಕಳ ಜೊತೆಗೇ ಇರಬೇಕು ಅಂತಿದ್ದರೆ ಎರಡು ವರ್ಷ ಸಂಬಳ ಬಿಟ್ಟು ಬಿ.ಇಡಿಗೆ ಹೋಗುವುದು ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಅತ್ತೆ ಹೇಳಿದ ದಾರಿ

ಅತ್ತೆಯ ಮಾತು ಅರ್ಧ ನಿಜ. ಅಂಗನವಾಡಿ ಸರ್ಕಾರದ್ದು, ಊರಲ್ಲಿ ಟೀಚರ್ ಅನ್ನುವ ಕಾರ್ಯಕರ್ತೆ ಸರ್ಕಾರಿ ನೌಕರಳಲ್ಲ. 1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಯೋಜನೆ, ಶುರುವಾದಾಗಿನಿಂದ ಇವರನ್ನು ಗೌರವಧನದ ಕಾರ್ಯಕರ್ತೆ ಅಂತಲೇ ಇಟ್ಟಿದ್ದಾರೆ. 2006ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದು ಸಿವಿಲ್ ಹುದ್ದೆ ಅಲ್ಲ ಎಂದಿತು. ಹಾಗಂತ ಕೈ ಖಾಲಿ ಅಂತಲೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಅದೇ ಕೋರ್ಟ್, ಗುಜರಾತಿನ ಪ್ರಕರಣವೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರಿಗೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗುವ ಇಡುಗಂಟು) ಕಾಯ್ದೆ ಅನ್ವಯಿಸುತ್ತದೆ ಎಂದು ಹೇಳಿತು.

ಗೌರವಧನದಲ್ಲಿ ಎರಡು ಪಾಲು. ಕೇಂದ್ರದ್ದು 2018ರ ಅಕ್ಟೋಬರ್‌ನಲ್ಲಿ ಕಾರ್ಯಕರ್ತೆಗೆ 4,500 ರೂಪಾಯಿ ಆಯಿತು. ಅದರ ಮೇಲೆ ರಾಜ್ಯ ತನ್ನ ಪಾಲು ಕೂಡಿಸುತ್ತದೆ. 2025ರ ಬಜೆಟ್‌ನಲ್ಲಿ ರಾಜ್ಯ ಇನ್ನೂ 1,000 ಏರಿಸುವುದಾಗಿ ಹೇಳಿತು. ಎರಡೂ ಸೇರಿ 10,000 ದಾಟುತ್ತದೆ. ನಿಮ್ಮ ಈಗಿನ ಸಂಬಳಕ್ಕಿಂತ ಜಾಸ್ತಿ, ಬೇಸಿಗೆಯಲ್ಲಿ ನಿಲ್ಲುವುದಿಲ್ಲ, ದಿನಾ ಸಿಂಧನೂರಿಗೆ ಬಸ್ ಚಾರ್ಜೂ ಉಳಿಯುತ್ತದೆ.

ಆದರೆ ಅಲ್ಲಿ ಪಾಠ ಒಂದೇ ಕೆಲಸ ಅಲ್ಲ. ಐಸಿಡಿಎಸ್‌ನ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು. ಉಳಿದದ್ದು ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ತಾಯಂದಿರಿಗೆ ತಿಳಿವಳಿಕೆ, ಆಸ್ಪತ್ರೆಗೆ ಕಳಿಸುವುದು. ಒಂದು ಕೈಯಲ್ಲಿ ಮಗುವನ್ನು ತೂಕಕ್ಕೆ ಕೂರಿಸಿ, ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ತುಂಬಬೇಕು. 2025ರ ಜುಲೈಯಿಂದ ಮನೆಗೆ ಆಹಾರ ಕೊಡುವಾಗ ಫಲಾನುಭವಿಯ ಮುಖದ ಫೋಟೊ ದಾಖಲೆಯ ಜೊತೆ ಹೊಂದಿಕೆ ಆಗಬೇಕು. ಸಿಗ್ನಲ್ ಸಿಗದೆ, ಬಾಣಂತಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ಕಣ್ಣು ಮಿಟುಕಿಸಮ್ಮಾ ಅಂತ ಬೇಡುವ ಟೀಚರ್‌ಗಳನ್ನು ಯಾವ ಊರಿಗೆ ಹೋದರೂ ನೋಡಬಹುದು. ಇದರ ಜೊತೆ ಸರ್ವೆ, ಎಷ್ಟೋ ಕಡೆ ಮತಗಟ್ಟೆ ಅಧಿಕಾರಿ ಕೆಲಸವೂ ಇವರ ತಲೆಗೇ. ನಿಮಗೆ ಹಗಲೆಲ್ಲ ಮಕ್ಕಳ ಜೊತೆಗೇ ಇರಬೇಕು ಅಂತಿದ್ದರೆ ಮೊದಲ ವರ್ಷ ಬೇಜಾರಾಗುತ್ತದೆ. ಈಗಲೇ ಹೇಳಿರುತ್ತೇನೆ.

ಇನ್ನೊಂದು, ಹೊರಗಿನವರಿಗೆ ಗೊತ್ತಿರದ ವಿಷಯ. ಟೀಚರ್ ರಿಟೈರ್ ಆದ ಕೂಡಲೇ ಆ ಜಾಗಕ್ಕೆ ಅರ್ಜಿ ಕರೆಯುತ್ತಾರೆ ಅಂದುಕೊಳ್ಳಬೇಡಿ. 2022ರ ಸಕ್ಷಮ್ ಅಂಗನವಾಡಿ ಮಾರ್ಗಸೂಚಿ ಪ್ರಕಾರ ಕಾರ್ಯಕರ್ತೆ ಹುದ್ದೆಗಳಲ್ಲಿ ಅರ್ಧದಷ್ಟು, ಐದು ವರ್ಷ ಸೇವೆ ಮಾಡಿದ ಸಹಾಯಕಿಯರಿಗೆ ಬಡ್ತಿಯಲ್ಲಿ ಹೋಗಬೇಕು. ನಿಮ್ಮೂರ ಕೇಂದ್ರದ ಸಹಾಯಕಿ ಎಷ್ಟು ಓದಿದ್ದಾರೆ? ಅವರಿಗೆ ಪಿಯುಸಿ ಆಗಿದ್ದು ಐದು ವರ್ಷವೂ ತುಂಬಿದ್ದರೆ ಜಾಗ ಅವರಿಗೆ ಹೋಗಬಹುದು. ಹೋಗಬೇಕಾದ್ದೂ ನ್ಯಾಯ. ಹಾಗಾದರೆ ಆ ಒಂದು ಜಾಗ ನಂಬಿಕೊಂಡು ಎರಡು ವರ್ಷ ಕೂರುವುದು ದಡ್ಡತನ. ಇದನ್ನು ಇವತ್ತೇ ವಿಚಾರಿಸಬಹುದು. ಅಡ್ಡದಾರಿ ಏನೂ ಬೇಡ, ನಿಮ್ಮ ವಲಯದ ಮೇಲ್ವಿಚಾರಕಿಯನ್ನು ನೇರವಾಗಿ ಕೇಳಿ.

ಹೊಸಬರನ್ನೇ ಕರೆದರೆ ಮೂರು ವಿಷಯ ನೋಡುತ್ತಾರೆ. ಅದೇ ಊರಿನ ವಾಸ, ಪಿಯುಸಿ ಅಂಕ, 35ರ ಒಳಗಿನ ವಯಸ್ಸು. ನಿಮಗೆ ಉಳಿದಿರುವುದು ಎರಡು ವರ್ಷ. ಆಯ್ಕೆ ಆಗುವುದು ಅಂಕಗಳ ಮೇಲೆ. ವಿಧವೆಯರು, ಮಾಜಿ ದೇವದಾಸಿಯರಂಥವರಿಗೆ ಆದ್ಯತೆ ಇದೆ, ಅದು ಸರಿಯೂ ಹೌದು. ತರಬೇತಿ ಆದವರಿಗೆ ಅಂಕ ಕೊಡುವುದಾದರೆ ಯಾವ ತರಬೇತಿ ಅಂತ ಅಧಿಸೂಚನೆಯಲ್ಲೇ ಹೆಸರಿರುತ್ತದೆ. ಅದನ್ನು ಓದಿದ ಮೇಲೆ ಕೋರ್ಸಿನ ಯೋಚನೆ ಮಾಡಿ, ಅದಕ್ಕಿಂತ ಮುಂಚೆ ಬೇಡ. ‘ಆಫೀಸಿನಲ್ಲಿ ನಮ್ಮವರಿದ್ದಾರೆ, ಎರಡು ಲಕ್ಷ ಕೊಟ್ಟರೆ ಮಾಡಿಸುತ್ತೇವೆ’ ಅನ್ನುವವರು ಬರುತ್ತಾರೆ. ಪಟ್ಟಿಯಲ್ಲಿ ನಿಮ್ಮ ಹೆಸರು ತಾನಾಗಿಯೇ ಬಂದಿದ್ದರೂ ಅವರು ದುಡ್ಡು ಇಟ್ಟುಕೊಳ್ಳುತ್ತಾರೆ, ಬರದಿದ್ದರೆ ಅರ್ಧ ವಾಪಸ್ ಕೊಟ್ಟು ದೊಡ್ಡವರಾಗುತ್ತಾರೆ.

ಅಂಗನವಾಡಿಯಿಂದ ಮೇಲೆ ಏನಿದೆ? ಮೇಲ್ವಿಚಾರಕಿ, ಅಲ್ಲಿಂದ ಸಹಾಯಕ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಆಮೇಲೆ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಮೇಲ್ವಿಚಾರಕಿ ಹುದ್ದೆಯಿಂದ ಶುರುವಾಗುವುದು ನಿಜವಾದ ಸರ್ಕಾರಿ ನೌಕರಿ, ವೇತನ ಶ್ರೇಣಿ ಇರುವಂಥದ್ದು. ಅದೇ ಮಾರ್ಗಸೂಚಿ, ಮೇಲ್ವಿಚಾರಕಿ ಹುದ್ದೆಗಳಲ್ಲೂ ಅರ್ಧವನ್ನು ಐದು ವರ್ಷ ಸೇವೆ ಮಾಡಿದ, ಅರ್ಹತೆ ಇರುವ ಕಾರ್ಯಕರ್ತೆಯರಿಗೆ ಬಡ್ತಿಯಲ್ಲಿ ಕೊಡಬೇಕು ಅನ್ನುತ್ತದೆ. ಇದನ್ನು ಕೇಳಿ ‘ಐದು ವರ್ಷಕ್ಕೆ ಸೂಪರ್‌ವೈಸರ್’ ಅಂತ ಲೆಕ್ಕ ಹಾಕುವವರಿದ್ದಾರೆ. ಸುಮಾರು 25 ಕೇಂದ್ರಕ್ಕೆ ಒಬ್ಬ ಮೇಲ್ವಿಚಾರಕಿ. ಅಂದರೆ 25 ಟೀಚರ್‌ಗಳ ಮೇಲೆ ಇರುವುದು ಒಂದು ಕುರ್ಚಿ, ಅದರಲ್ಲಿ ಅರ್ಧ ಪಾಲು ನಿಮ್ಮದು. ಐದು ವರ್ಷ ಅನ್ನೋದು ಸಾಲಿನಲ್ಲಿ ನಿಲ್ಲಲು ಬೇಕಾದ ಅರ್ಹತೆ ಅಷ್ಟೇ.

ನಿಮ್ಮ ಕೈಯಲ್ಲಿ ಪದವಿ ಇದೆ, ಹಾಗಾಗಿ ಮೇಲ್ವಿಚಾರಕಿ ಹುದ್ದೆಯ ನೇರ ನೇಮಕಾತಿಯ ಬಾಗಿಲನ್ನೂ ನೋಡಬೇಕು. ಇದಕ್ಕೆ ಅಂಗನವಾಡಿಯಲ್ಲಿ ಇರಲೇಬೇಕು ಅಂತಿಲ್ಲ. ಯಾವ ಯಾವ ವಿಷಯದ ಪದವಿ ನಡೆಯುತ್ತದೆ ಅಂತ ಅಧಿಸೂಚನೆಯಲ್ಲಿ ಪಟ್ಟಿ ಕೊಟ್ಟಿರುತ್ತಾರೆ, ಸಮಾಜಶಾಸ್ತ್ರ ಇದೆಯಾ ಅಂತ ಮೊದಲು ಅದನ್ನೇ ನೋಡಿ. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಸಂವಿಧಾನದ 371(ಜೆ) ಪ್ರಕಾರ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ. ಅದನ್ನು ಪಡೆಯಲು ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪತ್ರ ಬೇಕು. ನಿಮ್ಮ ತವರು ಗಂಗಾವತಿ, ಅದೂ ಕೊಪ್ಪಳ ಜಿಲ್ಲೆ, ಹಾಗಾಗಿ ಹುಟ್ಟಿದ ಊರೂ ಕಲ್ಯಾಣ ಕರ್ನಾಟಕದ ಒಳಗೇ ಬರುತ್ತದೆ. ಶಾಲಾ ದಾಖಲೆ ಅಲ್ಲಿಂದ ತರಿಸಬೇಕು, ಅಷ್ಟೇ. ಅಧಿಸೂಚನೆ ಬಂದ ಮೇಲೆ ಹೋದರೆ ನಾಡಕಚೇರಿಯ ಮುಂದೆ ಜಾತ್ರೆ ಇರುತ್ತದೆ. ಈಗ ಹೋಗಿ.

ಮೇಲ್ವಿಚಾರಕಿಯಾದರೆ ಮಕ್ಕಳಿಂದ ದೂರ ಆಗುತ್ತೀರಿ, ಅದನ್ನೂ ಹೇಳಬೇಕು. ವಾರದಲ್ಲಿ ಹೆಚ್ಚಿನ ದಿನ ಬಸ್ಸು, ಸ್ಕೂಟಿ, ಮೀಟಿಂಗು, ವರದಿ. ಕೆಲವರಿಗೆ ಅದೇ ಇಷ್ಟ ಆಗುತ್ತದೆ. ಕೆಲವರು ‘ನಾನು ಟೀಚರ್ ಆಗಿಯೇ ಚೆನ್ನಾಗಿದ್ದೆ’ ಅನ್ನುತ್ತಾರೆ.

ಇಲಾಖೆಯ ಹೊರಗೆ

ಸ್ವಂತ ಪ್ಲೇ ಹೋಮ್ ತೆರೆಯುವ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಆ ಹುಳ ಬಿಡುತ್ತಾರೆ. ಬಾಡಿಗೆ, ನೋಂದಣಿ, ಕಟ್ಟಡ ಮತ್ತು ಬೆಂಕಿ ಸುರಕ್ಷತೆ, ವ್ಯಾನು, ಆಯಾ. ಇಷ್ಟು ಖರ್ಚು ಮೊದಲ ದಿನದಿಂದಲೇ ಇರುತ್ತದೆ, ಮಕ್ಕಳು ಮಾತ್ರ ನಿಧಾನಕ್ಕೆ ಬರುತ್ತಾರೆ. ಸಿಂಧನೂರು, ಗಂಗಾವತಿಯಂಥ ಊರಲ್ಲಿ ಬೆಳೆ ಕೈಗೆ ಬಂದಾಗ ಫೀಸು, ಇಲ್ಲದಿದ್ದರೆ ಮುಂದಿನ ತಿಂಗಳು. ಕಾಲುವೆಗೆ ನೀರು ಬಿಡದ ವರ್ಷ ಅದೂ ಇಲ್ಲ. ಚಿನ್ನ ಅಡವಿಟ್ಟು ಶುರು ಮಾಡುವುದಾದರೆ ನಾನು ಬೇಡ ಅನ್ನುತ್ತೇನೆ.

ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಇದೆ. ರಾಯಚೂರು 2018ರಿಂದ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿರುವುದರಿಂದ ಪೋಷಣೆ, ಶಿಕ್ಷಣದ ಯೋಜನೆಗಳು ಬರುತ್ತಲೇ ಇರುತ್ತವೆ. ಅಂಗನವಾಡಿಗಳಿಗೆ ಹೋಗಿ ಟೀಚರ್‌ಗಳಿಗೆ ಕೈಹಿಡಿದು ಕಲಿಸುವವರು ಅವರಿಗೆ ಬೇಕು. ಸಂಬಳ ಖಾಸಗಿ ಶಾಲೆಗಿಂತ ಚೆನ್ನಾಗಿರುತ್ತದೆ, ಕಲಿಯುವುದೂ ಜಾಸ್ತಿ. ತೊಂದರೆ ಏನೆಂದರೆ ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯುತ್ತದೆ. ಸಣ್ಣ ಮಕ್ಕಳಿದ್ದು ಓಡಾಡಲು ಆಗದವರಿಗೆ ಇದು ಕಷ್ಟ.

ಶಿಶುಪಾಲನಾ ಕೇಂದ್ರಗಳ ಕಡೆಯೂ ಕಣ್ಣಿಡಿ. ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಮಾಡುತ್ತೇವೆ ಎಂದು 2023ರಲ್ಲಿ ಹೇಳಿತು. 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಕಾನೂನು ಬಂದಿದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ದುಡಿಯುವ ತಾಯಂದಿರನ್ನು ಕೇಳಿ ನೋಡಿ, ಅಗತ್ಯ ಎಷ್ಟಿದೆ ಅಂತ ಗೊತ್ತಾಗುತ್ತದೆ. ಹುದ್ದೆಗಳು ಇನ್ನೂ ಆ ಪ್ರಮಾಣದಲ್ಲಿ ಬಂದಿಲ್ಲ. ಸಿಕ್ಕರೂ ಸಂಬಳ ಸದ್ಯಕ್ಕೆ ಕಡಿಮೆ.

ಇದರಲ್ಲಿ ಯಾವ ಕಡೆ ಹೋದರೂ ಸಂದರ್ಶನದಲ್ಲಿ ಸರ್ಟಿಫಿಕೇಟ್ ನೋಡಿದ ಮೇಲೆ ಕೇಳುವುದು ಒಂದೇ: ಮಗುವನ್ನು ಹೇಗೆ ಗಮನಿಸುತ್ತೀರಿ? ಇದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕುಷ್ಟಗಿ ಕಡೆಯ ಒಂದು ಅಂಗನವಾಡಿ. ಮಣ್ಣೆತ್ತಿನ ಅಮಾವಾಸ್ಯೆ ಮುಂಚಿನ ದಿನ ಟೀಚರ್ ಎರೆಮಣ್ಣು ಕಲಸಿ ಮಕ್ಕಳ ಮುಂದಿಟ್ಟಿದ್ದರು. ಕಾಲು ನಾಲ್ಕು, ಕೋಡು ಎರಡು, ಬಾಲ ಒಂದು ಅಂತ ಎಣಿಸುತ್ತಾ ಎಲ್ಲರೂ ಎತ್ತು ಮಾಡುತ್ತಿದ್ದರು. ಒಂದು ಹುಡುಗಿ ಒಂದೇ ಕೋಡು ಹಚ್ಚಿ ಸುಮ್ಮನೆ ಕೂತಿತ್ತು. ಗುಳೆ ಹೋಗಿ ಬಂದ ಮನೆಯ ಮಗು, ಕೇಂದ್ರದಲ್ಲಿ ಬಾಯಿ ಬಿಟ್ಟಿದ್ದೇ ಇಲ್ಲ. ‘ಇನ್ನೊಂದು ಕೋಡು ಹಚ್ಚು’ ಅಂತ ಹೇಳದೆ ಟೀಚರ್ ಕೇಳಿದರು, ‘ಇದು ಯಾರ ಮನಿ ಎತ್ತವ್ವಾ?’ ಆ ಹುಡುಗಿ, ‘ನಮ್ಮ ಅಜ್ಜಂದು. ಅದರ ಕೋಡು ಮುರದೈತಿ’ ಅಂತು. ಟೀಚರ್ ಕೈ ಒರೆಸಿಕೊಂಡು ನೋಟ್‌ಬುಕ್ ತೆಗೆದು, ತಾರೀಖು ಹಾಕಿ, ಆ ಎರಡು ವಾಕ್ಯವನ್ನು ಹಾಗೇ ಬರೆದುಕೊಂಡರು. ಅದರ ಕೆಳಗೆ: ‘ಮಾತು ಇದೆ. ಮನೆ ವಿಷಯ ಕೇಳಿದರೆ ಬರುತ್ತದೆ.’

ಆ ನೋಟ್‌ಬುಕ್‌ನಲ್ಲಿ ಪ್ರತಿ ಮಗುವಿಗೂ ಒಂದೆರಡು ಪುಟ ಇತ್ತು. ಮುಂದೆ ಬೇರೆ ಟೀಚರ್‌ಗಳಿಗೆ ತರಬೇತಿ ಕೊಡಲು ಅವರನ್ನೇ ಕರೆದೆವು. ಅವರು ಓದಿದ್ದು ಪಿಯುಸಿ. ಇಲಾಖೆಯ ತರಬೇತಿಗಳಲ್ಲಿ ಈಗ ಒತ್ತುಕೊಟ್ಟು ಹೇಳುವುದೂ ಇದನ್ನೇ. 2023ರ ಮೇ ತಿಂಗಳಲ್ಲಿ ಶುರುವಾದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮದಲ್ಲೂ ಆಟ ಮತ್ತು ಗಮನಿಸುವುದಕ್ಕೆ ಜಾಗ ಇದೆ. ನಿಮಗೆ ಏಳು ವರ್ಷದ ಮಕ್ಕಳು ನೆನಪಿದ್ದಾರೆ, ಬರೆದಿಟ್ಟಿಲ್ಲ ಅಲ್ವಾ? ನಾಳೆಯಿಂದ ಶುರು ಮಾಡಿ. ದಿನಕ್ಕೆ ಇಬ್ಬರು ಮಕ್ಕಳ ಬಗ್ಗೆ ಬರೆದರೆ ಸಾಕು. ಮಕ್ಕಳ ಫೋಟೊವನ್ನು ಮಾತ್ರ ಅಪ್ಪ ಅಮ್ಮನನ್ನು ಕೇಳದೆ ತೆಗೆಯಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ

ಸಹಾಯಕಿಯ ವಿಷಯ ಕೇಳಿಕೊಂಡು, ಜಾಗ ಹೊಸಬರಿಗೆ ಅಂತಾದರೆ ಅಂಗನವಾಡಿಗೆ ಅರ್ಜಿ ಹಾಕುತ್ತಿದ್ದೆ. ಆಗಲಿ ಬಿಡಲಿ, ಮೇಲ್ವಿಚಾರಕಿ ಪರೀಕ್ಷೆಗೆ ಓದು ಶುರು ಮಾಡುತ್ತಿದ್ದೆ, ಯಾಕೆಂದರೆ ಬಿ.ಎ. ಪದವಿ ಕೆಲಸಕ್ಕೆ ಬರುವುದು ಅಲ್ಲೇ. ಆದೇಶ ಕೈಗೆ ಬರುವವರೆಗೂ ಈಗಿನ ಶಾಲೆ ಬಿಡುತ್ತಿರಲಿಲ್ಲ.

ಬಿಡುವ ದಿನ ಬಂದಾಗ ಬರಿಗೈಯಲ್ಲಿ ಬರಬೇಡಿ. ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಇದೆ. 2009ರ ತಿದ್ದುಪಡಿ ಅದನ್ನು 1997ರ ಏಪ್ರಿಲ್ 3ರಿಂದಲೇ ಅನ್ವಯ ಮಾಡಿತು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಶಾಲೆಯಲ್ಲಿ 10 ಜನ ಸಿಬ್ಬಂದಿ ಇದ್ದು, ನೀವು ಐದು ವರ್ಷ ಬಿಡದೆ ಕೆಲಸ ಮಾಡಿದ್ದರೆ ಲೆಕ್ಕ ಹೀಗೆ: 7,500 ಅನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 7ರಿಂದ ಗುಣಿಸಿ. ಸುಮಾರು 30,000 ಆಗುತ್ತದೆ. ಬೇಸಿಗೆಯಲ್ಲಿ ಸಂಬಳ ನಿಲ್ಲಿಸಿ, ಪ್ರತಿ ಜೂನ್‌ಗೆ ಹೊಸದಾಗಿ ಅರ್ಜಿ ಬರೆಸಿಕೊಂಡಿದ್ದರೆ ‘ಸೇವೆ ಮುರಿದಿದೆ’ ಎಂದು ವಾದ ಮಾಡುತ್ತಾರೆ. ಅದಕ್ಕೇ ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೊ, ಮಕ್ಕಳ ಪ್ರಗತಿ ಪತ್ರದಲ್ಲಿ ನಿಮ್ಮ ಸಹಿ ಇರುವ ಪ್ರತಿಗಳನ್ನು ಈಗಿನಿಂದಲೇ ಎತ್ತಿಡಿ. ಅನುಭವ ಪತ್ರದಲ್ಲಿ ‘ಶಿಕ್ಷಕಿ’ ಎಂದಷ್ಟೇ ಬರೆಸದೆ, ಎಲ್‌ಕೆಜಿ ಅಂತಲೂ, ಸೇರಿದ ಮತ್ತು ಬಿಟ್ಟ ತಾರೀಖು ಅಂತಲೂ ಬರೆಸಿಕೊಳ್ಳಿ.

ಇನ್ನು ಕೊಟ್ಟ 5,000. ರಸೀದಿ ಇದೆಯಾ? ಫೋನ್‌ಪೇ ಮಾಡಿದ್ದರೆ ಅದೇ ಸಾಕ್ಷಿ. ‘ಎನ್‌ಸಿಟಿಇ ಮಾನ್ಯತೆ ಇದೆ, ಕೆಲಸ ಗ್ಯಾರಂಟಿ’ ಎಂದು ಬರೆದ ಪಾಂಪ್ಲೆಟ್ ಅಥವಾ ವಾಟ್ಸ್ಆ್ಯಪ್ ಮೆಸೇಜು ಇದ್ದರೆ ಅಳಿಸಬೇಡಿ. ದುಡ್ಡು ವಾಪಸ್ ಕೊಡಿ ಅಂತ ಒಂದು ಪುಟದ ಪತ್ರ ಬರೆದು ಸ್ಪೀಡ್ ಪೋಸ್ಟ್ ಮಾಡಿ. ಹೆಚ್ಚಿನವರು ಅಲ್ಲಿಗೇ ದಾರಿಗೆ ಬರುತ್ತಾರೆ. ಬಾರದಿದ್ದರೆ 1915ಕ್ಕೆ ಕರೆ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಅಲ್ಲೂ ಆಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ.